ಹೊರಗೆ 27, ಗೇರ್ 2

ರಸ್ತೆಗೆ ಡಾಂಬರು ಹಾಕುತ್ತಿದ್ದ ಹೆಂಗಸರು ಹನ್ನೊಂದನೇ ತಿರುವಿಗೆ ಬಂದಾಗ ತಡೆಗೋಡೆ ಮುರಿದಿತ್ತು. ಬಗ್ಗಿ ನೋಡಿದರು. ನೂರಡಿ ಕೆಳಗೆ, ಬಂಡೆಗಳ ನಡುವೆ, ಒಂದು ಡೀಸೆಲ್ ಪಿಕಪ್ ಮಗುಚಿ ಬಿದ್ದಿತ್ತು. ಅದು ಎಳೆದುಕೊಂಡು ಹೋಗುತ್ತಿದ್ದ ಟ್ರೈಲರ್ ಅದರ ಮೇಲೆ. ಟ್ರೈಲರಿನಲ್ಲಿದ್ದ ಜನರೇಟರ್ ಎಲ್ಲಕ್ಕೂ ಮೇಲೆ. ಸುಟ್ಟ ಎಣ್ಣೆಯ ವಾಸನೆ ರಸ್ತೆಯವರೆಗೂ ಬರುತ್ತಿತ್ತು.

ಡ್ರೈವರ್ ಒಳಗೇ ಇದ್ದ. ಬೆಲ್ಟ್ ಹಾಕಿಕೊಂಡಿದ್ದ. ಉಸಿರಿರಲಿಲ್ಲ.

ಟೈರಿನ ಗುರುತುಗಳನ್ನು ನೋಡಿದ ಪೊಲೀಸರಿಗೆ ಒಂದು ವಿಷಯ ಕೂಡಲೇ ಗೊತ್ತಾಯಿತು. ಏರು ಹತ್ತುತ್ತಿದ್ದ ಗಾಡಿ ಹಿಡಿತ ತಪ್ಪಿ ಹಿಂದಕ್ಕೆ ಜಾರಿತ್ತು; ಹಿಂದಿನ ಭಾರಕ್ಕೆ ಬ್ರೇಕೂ ನಿಂತಿರಲಿಲ್ಲ. ಟ್ರೈಲರ್ ಅಡ್ಡ ತಿರುಗಿ, ಪಿಕಪ್ಪನ್ನು ಎಳೆದುಕೊಂಡೇ ಕೆಳಗೆ ಹೋಗಿತ್ತು.

"ಆ ಅಣ್ಣ ದಿನಾ ಒಂಬತ್ತನೇ ತಿರುವಲ್ಲಿ ಗಾಡಿ ನಿಲ್ಲಿಸ್ತಿದ್ದ," ಎಂದಳು ಹೆಂಗಸರಲ್ಲಿ ಒಬ್ಬಳು. "ಕಾಲು ಗಂಟೆ ಕೂತು, ನಮ್ಮ ಹತ್ರ ನೀರು ಕೇಳಿ ಕುಡಿದು ಹೊರಡ್ತಿದ್ದ. ಒಂದು ವಾರದಿಂದ ನಿಲ್ಲಿಸ್ತಾನೇ ಇರ್ಲಿಲ್ಲ. ಕೈ ಎತ್ತಿ ಹಾಗೇ ಹೋಗ್ಬಿಡ್ತಿದ್ದ."

ಈ ಮಾತನ್ನು ಬರೆದುಕೊಂಡರು. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹತ್ತನೇ ದಿನ ಡ್ರೈವರನ ಹೆಂಡತಿ ಕೆಲಸಕ್ಕೆ ಹೋದಳು. ಲಾರಿ, ಪಿಕಪ್ಪುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಅದು. ಇಷ್ಟು ಬೇಗ ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ದಪ್ಪ ರೆಕ್ಸಿನ್ ಹೊಲಿಯುವ ಮೆಷಿನ್ನಿನ ಸದ್ದಿಗೆ ತಲೆಯೊಳಗಿನ ಮಾತು ಕೇಳಿಸುವುದಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಆ ಮಾತಾದರೂ ಎಂಥದ್ದು! ಗಂಡ ಸತ್ತ. ಅವನನ್ನು ಕೊಂದವನು ಅವಳ ಸ್ವಂತ ತಮ್ಮ.

ಹಾಗೆಂದು ಪೊಲೀಸರು ಹೇಳಿದ್ದರು. ಬಿಚ್ಚಿ ನೋಡಿದಾಗ ಗಾಡಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತಟ್ಟೆಗಳೆಲ್ಲ ಸುಟ್ಟು ಕರಕಲಾಗಿದ್ದವು. ಎಣ್ಣೆ ವಿಪರೀತ ಕಾದಿತ್ತು. ಆದರೆ ಅದರ ಬಿಸಿ ತೋರಿಸಲೆಂದೇ ಹಾಕಿಸಿದ್ದ ಮೀಟರು ಡ್ರೈವರನಿಗೆ ಎಚ್ಚರಿಕೆ ಕೊಟ್ಟಿರಲಿಲ್ಲ. ಮೀಟರು ಹಾಕಿದವನು ಗ್ಯಾರೇಜಿನ ಮೆಕ್ಯಾನಿಕ್, ಅವಳ ತಮ್ಮ. ಸೆನ್ಸರನ್ನು ಬಿಸಿ ಎಣ್ಣೆ ಹೊರಬರುವ ಪೈಪಿಗೆ ಹಾಕಬೇಕಿತ್ತು. ಕೂಲರಿನಲ್ಲಿ ತಣ್ಣಗಾಗಿ ಒಳಗೆ ಹೋಗುವ ಪೈಪಿಗೆ ಹಾಕಿದ್ದಾನೆ ಎಂದು ವರದಿಯಾಗಿತ್ತು. ಬಿದ್ದ ರಭಸಕ್ಕೆ ಎರಡೂ ಪೈಪುಗಳು ಕಿತ್ತುಹೋಗಿದ್ದವು. ಯಾವುದು ಯಾವುದೆಂದು ಹೇಳಬಲ್ಲವರು ಊರಿನಲ್ಲಿ ಒಬ್ಬರೇ—ಗ್ಯಾರೇಜಿನ ಮಾಸ್ತರು.

ಮಾಸ್ತರು ಪೈಪುಗಳನ್ನು ನೋಡಿ ಹೇಳಿದ್ದರು: "ನನ್ನ ಶಿಷ್ಯನೇ. ಆದ್ರೆ ಸುಳ್ಳು ಹೇಳೋಕಾಗಲ್ಲ. ಜಾಗ ತಪ್ಪಾಗಿದೆ."

ತಮ್ಮ ಲಾಕಪ್ಪಿಗೆ ಹೋಗಿ ಆರು ದಿನವಾಗಿತ್ತು. ಅವಳು ಒಮ್ಮೆಯೂ ಹೋಗಿ ನೋಡಿರಲಿಲ್ಲ.

"ಒಂದು ನಿಮಿಷ ಮೆಷಿನ್ ನಿಲ್ಲಿಸ್ತೀರಾ ಅಮ್ಮಾ?"

ತಲೆಯೆತ್ತಿದಳು. ಎದುರಿಗೆ ಗಿಡ್ಡನೆಯ ಹೆಂಗಸು. ಅರ್ಧ ನರೆತ ಕೂದಲು, ಕಂಕುಳಲ್ಲಿ ಕಡತ. ಅಪಘಾತ ತನಿಖೆಯ ಇನ್‌ಸ್ಪೆಕ್ಟರ್ ಎಂದು ಹೇಳಿಕೊಂಡು ಆಕೆ ರೆಕ್ಸಿನ್ ಸುರುಳಿಯ ಮೇಲೆಯೇ ಕೂತರು. ಕಡತದಿಂದ ಒಂದು ನೋಟ್ ಪುಸ್ತಕ ತೆಗೆದರು.

ಗಂಡನ ಪುಸ್ತಕ.

"ಇದು ನಿಮ್ಮ ಯಜಮಾನ್ರ ಅಕ್ಷರ ತಾನೇ?"

"ಹೌದು."

"ದಿನಾ ಬರೀತಿದ್ರಾ?"

"ದಿನಾ. ಜ್ವರ ಬಂದ್ರೂ."

"ಯಾಕೆ?"

"ಗೇರ್‌ಬಾಕ್ಸಿನ ಎಣ್ಣೆ ಕಾದ್ರೆ ಗಾಡಿ ಕೈ ಕೊಡುತ್ತೆ ಮೇಡಂ. ಭಾರ ಎಳ್ಕೊಂಡು ಏರು ಹತ್ತುವಾಗ ಬೇಗ ಕಾಯುತ್ತೆ. ನೂರಹತ್ತು ಡಿಗ್ರಿ ದಾಟಿದ್ರೆ ನಿಲ್ಲಿಸ್ಬೇಕು, ತೊಂಬತ್ತಕ್ಕೆ ಇಳಿಯೋವರೆಗೂ ಹೊರಡೋ ಹಾಗಿಲ್ಲ. ಅದು ಇವರ ಕಾನೂನು. ಎಂಜಿನ್ನಿನ ಬಿಸಿ, ಹೊರಗಿನ ಬಿಸಿ ತೋರಿಸೋ ಮುಳ್ಳು ಗಾಡಿ ಜೊತೇಲೇ ಬರುತ್ತೆ, ಗೇರಿಂದು ಬಂದಿರ್ಲಿಲ್ಲ. ಅದಕ್ಕೇ ತಮ್ಮನ ಕೈಲಿ ಹಾಕಿಸ್ಕೊಂಡ್ರು."

"ತಮ್ಮನ್ನ ನೋಡೋಕೆ ಹೋಗಿದ್ರಾ?"

ಅವಳು ಕತ್ತರಿಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಇಲ್ಲ. ತಪ್ಪು ಒಪ್ಕೊಂಡು ಸಹಿ ಹಾಕಿದಾನಲ್ಲ."

"ಏನಂತ ಒಪ್ಕೊಂಡಿದಾನೆ ಗೊತ್ತಾ? 'ಬಿಸಿ ಪೈಪಿಗೇ ಹಾಕಿದ ನೆನಪು. ಆದರೆ ಮಾಸ್ತರು ಹೇಳಿದ ಮೇಲೆ ನಾನೇ ತಪ್ಪಿರಬೇಕು.'" ಇನ್‌ಸ್ಪೆಕ್ಟರ್ ಪುಸ್ತಕವನ್ನು ಅವಳ ಮುಂದೆ ಸರಿಸಿದರು. "ಇಪ್ಪತ್ತಾರು ವರ್ಷದ ಕೆಲಸದಲ್ಲಿ ಇಂಥ ತಪ್ಪೊಪ್ಪಿಗೆ ನೋಡಿಲ್ಲ. ಕಡತ ಮುಚ್ಚೋಕೆ ಮನಸ್ಸು ಬರಲಿಲ್ಲ. ಇದನ್ನ ಸ್ವಲ್ಪ ಓದಿ. ನನಗೆ ಕೆಲವು ಅಕ್ಷರ ಸಿಗ್ತಿಲ್ಲ."

ಅವಳು ಓದಿದಳು.

"'ಬೆಳಿಗ್ಗೆ. ಹೊರಗೆ 26, ಗೇರ್ 26. ಏಳನೇ ತಿರುವು 107. ಒಂಬತ್ತು 116, ನಿಲ್ಲಿಸಿದೆ. ಯಜಮಾನ ಫೋನ್ ಮಾಡಿದ. ದಿನಾ ಯಾಕೆ ನಿಲ್ಲಿಸ್ತೀಯ ಅಂದ. ನಿನ್ನ ಗಾಡಿ ಉಳಿಸೋಕೆ ಅಂದೆ.'"

"ಮುಂದೆ? ಕಡೆಯ ವಾರದ್ದು."

"'ಬೆಳಿಗ್ಗೆ. ಹೊರಗೆ 26, ಗೇರ್ 1. ಕೇಳಿದೆ. ರಾತ್ರಿ ನಿಂತ ಗಾಡೀಲಿ ಸೆನ್ಸರ್ ಮಂದ, ಬಿಸಿಯಾದ ಮೇಲೆ ಸರಿಯಾಗಿ ತೋರಿಸುತ್ತೆ ಅಂದರು. ಒಂಬತ್ತನೇ ತಿರುವು 91. ನಿಲ್ಲಿಸಲಿಲ್ಲ.'" ಪುಟ ತಿರುಗಿಸಿದಳು. ಇನ್ನೂ ಐದು ದಿನ ಹಾಗೇ ಇತ್ತು. ತೊಂಬತ್ತು. ತೊಂಬತ್ತೆರಡು. ನಿಲ್ಲಿಸಲಿಲ್ಲ. ನಿಲ್ಲಿಸಲಿಲ್ಲ.

ಕಡೆಯ ಪುಟದಲ್ಲಿ ಒಂದೇ ಸಾಲು. "'ಬೆಳಿಗ್ಗೆ. ಹೊರಗೆ 27, ಗೇರ್ 2.'"

ಅದರ ಕೆಳಗೆ ಖಾಲಿ. ಅವಳು ಖಾಲಿ ಜಾಗವನ್ನೇ ನೋಡುತ್ತಾ ಕೂತಳು.

"ನಿಲ್ಲಿಸ್ತಿದ್ದದ್ದಕ್ಕೆ ಗಾಡಿ ಯಜಮಾನನಿಗೆ ಸಿಟ್ಟಿತ್ತಾ?"

"ತುಂಬಾ. ಬೆಟ್ಟದ ಮೇಲೆ ಟವರ್ ಕೆಲಸ ನಡೀತಿತ್ತು. ಸಾಮಾನು ಮಧ್ಯಾಹ್ನದೊಳಗೆ ಮೇಲಿರ್ಬೇಕು ಅಂತ ತಲೆ ತಿಂತಿದ್ದ. ಇವರು ಕೇಳ್ತಿರ್ಲಿಲ್ಲ. ಅವನ ಅಪ್ಪನ ಕಾಲದಿಂದ ಇದ್ದೋರು, ಅವನು ಇವರ ಕಣ್ಮುಂದೆ ಚಡ್ಡಿ ಹಾಕ್ಕೊಂಡು ಓಡಾಡಿದೋನು."

"ಅವನಿಗೆ ಮೀಟರಿನ ಕೆಲಸ ಬರುತ್ತಾ?"

"ಅವನಿಗೆ ಗಾಡಿ ಚಕ್ರ ಬಿಚ್ಚೋಕೂ ಬರಲ್ಲ ಮೇಡಂ."

ಇನ್‌ಸ್ಪೆಕ್ಟರ್ ಎದ್ದರು. "ನಾಳೆ ಬೆಳಿಗ್ಗೆ ಆರೂವರೆಗೆ ಪೊಲೀಸ್ ಅಂಗಳಕ್ಕೆ ಬರ್ತೀರಾ? ಗಾಡಿ ಅಲ್ಲಿದೆ. ನೋಡೋದು ಕಷ್ಟ, ಗೊತ್ತು. ಆದ್ರೂ ಬನ್ನಿ."

ಗಾಡಿಯನ್ನು ಗಾಡಿ ಎನ್ನುವಂತಿರಲಿಲ್ಲ. ಅವಳೇ ಹೊಲಿದ ಕಂದು ಬಣ್ಣದ ಸೀಟ್ ಕವರ್ ಹರಿದು ಹೊರಗೆ ಜೋತಾಡುತ್ತಿತ್ತು. ಅವಳು ಮುಖ ತಿರುಗಿಸಲಿಲ್ಲ.

ಇನ್‌ಸ್ಪೆಕ್ಟರ್ ಒಂದು ಬ್ಯಾಟರಿ ತರಿಸಿ ಮೀಟರಿಗೆ ಜೋಡಿಸಿದರು. ಬೆಂಕಿಪೊಟ್ಟಣದಷ್ಟು ಸಣ್ಣ ಮೀಟರು. ಗಾಜು ಒಡೆದಿತ್ತು, ಆದರೂ ಹಸಿರು ಅಂಕೆಗಳು ಹೊತ್ತಿಕೊಂಡವು. ಹರಿದ ಪೈಪಿನ ತುದಿಯಲ್ಲಿ ಸೆನ್ಸರ್ ಹಾಗೇ ನೇತಾಡುತ್ತಿತ್ತು.

"ಓದಿ."

"ಇಪ್ಪತ್ತಾರು."

ಇನ್‌ಸ್ಪೆಕ್ಟರ್ ತಮ್ಮ ಚೀಲದಿಂದ ಗಾಜಿನ ಉಷ್ಣಮಾಪಕ ತೆಗೆದು ತೋರಿಸಿದರು. ಅದರಲ್ಲೂ ಇಪ್ಪತ್ತಾರು.

"ಸರಿಯಾಗೇ ತೋರಿಸ್ತಿದೆಯಲ್ಲ ಮೇಡಂ?"

"ಹೌದು. ತೊಂದರೆ ಇರೋದೇ ಅಲ್ಲಿ," ಎಂದರು ಇನ್‌ಸ್ಪೆಕ್ಟರ್. ಆಮೇಲೆ ಅಂಗಳದ ಕಾವಲುಗಾರನ ರಿಜಿಸ್ಟರ್ ತರಿಸಿಕೊಂಡು, ಬೆರಳಿಟ್ಟು ಒಂದು ಸಾಲನ್ನು ಎರಡು ಸಲ ಓದಿದರು. "ಗ್ಯಾರೇಜಿಗೆ ಹೋಗೋಣ."

ಗ್ಯಾರೇಜಿನಲ್ಲಿ ಗಾಡಿ ಯಜಮಾನ ಇದ್ದ. ಮೂವತ್ತು ದಾಟದವನು. ಪೊಲೀಸರನ್ನು ಕಂಡವನೇ ಫೋನು ಜೇಬಿಗೆ ಹಾಕಿಕೊಂಡ. ಉಳಿದ ಎರಡು ಪಿಕಪ್ಪುಗಳು ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು. ಮೇಜಿನ ಹಿಂದೆ ಮಾಸ್ತರು. ಎಪ್ಪತ್ತರ ಹತ್ತಿರ ವಯಸ್ಸು. ಜೀವಮಾನವೆಲ್ಲ ಎಣ್ಣೆಯಲ್ಲಿ ಕೈಯಾಡಿಸಿದರೂ ಬಿಳಿ ಅಂಗಿಯ ಮೇಲೆ ಒಂದು ಕಲೆ ಬೀಳಿಸಿಕೊಂಡವರಲ್ಲ ಎಂಬ ಹೆಸರು. ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಬೆರಳಿನಿಂದ ತಡವಿ ತಡವಿ ಬೇರೆ ಮಾಡುತ್ತಿದ್ದರು.

"ಬಾ ತಾಯಿ," ಎಂದರು ಅವಳನ್ನು ನೋಡಿ. "ನಿನ್ನ ಮುಖ ನೋಡೋಕೆ ನನಗೆ ಧೈರ್ಯ ಇಲ್ಲ."

"ನನ್ನ ಕಡೆಯಿಂದ ಏನಾಗ್ಬೇಕೋ ಹೇಳಿ ಮೇಡಂ," ಎಂದ ಯಜಮಾನ. "ಅವನಿಗೆ ನಾನು ಬೈದಿದ್ದು ನಿಜ. ನಿಲ್ಲಿಸ್ಬೇಡ ಅಂದಿದ್ದೂ ನಿಜ. ಆದ್ರೆ ಅವನು ನನ್ನ ಮಾತು ಕೇಳಿ ನಿಲ್ಲಿಸದೆ ಇರೋ ಆಸಾಮಿ ಅಲ್ಲ."

"ಅಲ್ಲ. ಪುಸ್ತಕ ನೋಡಿದ್ರೆ ಗೊತ್ತಾಗುತ್ತೆ," ಎಂದರು ಇನ್‌ಸ್ಪೆಕ್ಟರ್. "ಒಂದು ವಿಷಯ ಹೇಳಿ. ಆ ಗಾಡಿ ಗೇರ್‌ಬಾಕ್ಸ್ ಯಾವಾಗಿಂದ ಕಾಯೋಕೆ ಶುರುವಾಯ್ತು?"

"ಎರಡು ತಿಂಗಳಿಂದ. ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ."

"ಕಟ್ಟಿದ್ದು ಯಾರು?"

ಯಜಮಾನ ತಲೆ ತುರಿಸಿಕೊಂಡ. "ಮಾಸ್ತರು."

"ನಿಮಗೆ ಏನೂ ಅನ್ನಿಸಲಿಲ್ವಾ?"

"ಅನ್ನಿಸ್ತು. ಅವನು ದಿನಾ ಪುಸ್ತಕ ತಂದು ತೋರಿಸ್ತಿದ್ದ, ಕಟ್ಟಿದ್ರಲ್ಲಿ ಏನೋ ಎಡವಟ್ಟಾಗಿದೆ, ಬಿಚ್ಚಿಸು ಅಂತ. ಪಟ್ಟಣದಿಂದ ಬೇರೆಯವರನ್ನ ಕರೆಸ್ತೀನಿ ಅಂತ ಮಾಸ್ತರಿಗೆ ಹೇಳಿದ್ದೆ. ಅಷ್ಟರಲ್ಲಿ ಬಿಸಿ ತಾನಾಗೇ ಇಳೀತು. ತೊಂಬತ್ತು, ತೊಂಬತ್ತೆರಡು. ಸುಮ್ಮನಾದೆ."

ಸ್ಕ್ರೂಗಳ ಮೇಲೆ ಆಡುತ್ತಿದ್ದ ಬೆರಳು ನಿಂತಿತು.

ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಮಾಸ್ತರ ಎದುರಿಗೆ ಕೂತರು. "ಮಾಸ್ತರೇ, ನನಗೆ ಗಾಡಿ ವಿದ್ಯೆ ಬರಲ್ಲ. ಒಂದೆರಡು ಸಂದೇಹ ಇದೆ. ಹೇಳ್ಕೊಡ್ತೀರಾ?"

"ಕೇಳಿ."

"ರಾತ್ರಿಯೆಲ್ಲ ನಿಂತ ಗಾಡಿ. ಬೆಳಿಗ್ಗೆ ಅದರ ಗೇರ್ ಎಣ್ಣೆ ಎಷ್ಟು ಬಿಸಿ ಇರುತ್ತೆ?"

"ಹೊರಗೆ ಎಷ್ಟಿರುತ್ತೋ ಅಷ್ಟೇ. ಎಲ್ಲಿಂದ ಬರ್ಬೇಕು ಬಿಸಿ?"

"ಸೆನ್ಸರ್ ತಪ್ಪು ಪೈಪಿನಲ್ಲಿದ್ರೆ?"

"ಎಲ್ಲಿದ್ರೂ ಅಷ್ಟೇ. ನಿಂತ ಗಾಡೀಲಿ ಎಲ್ಲ ಪೈಪೂ ಒಂದೇ. ಬಿಸಿಯಾದ ಮೇಲೆ ತಾನೇ ವ್ಯತ್ಯಾಸ—" ಮಾಸ್ತರು ಅಲ್ಲಿಗೆ ನಿಲ್ಲಿಸಿದರು.

"ಹೇಳಿ."

ಮಾಸ್ತರು ಸ್ಕ್ರೂ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಇನ್‌ಸ್ಪೆಕ್ಟರ್ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. "ನಮ್ಮವರೆಲ್ಲ ಏಳನೇ ತಿರುವು, ಒಂಬತ್ತನೇ ತಿರುವು ಅಂತ ದೊಡ್ಡ ಅಂಕೆಗಳನ್ನೇ ನೋಡಿದ್ರು. ಬೆಳಗಿನ ಸಾಲು ಯಾರೂ ಓದಲಿಲ್ಲ. ನಾನೂ ಮೊದಲನೇ ಸಲ ಬಿಟ್ಟಿದ್ದೆ. ಎರಡು ತಿಂಗಳು ಬೆಳಿಗ್ಗೆ ಹೊರಗೆ ಎಷ್ಟೋ ಗೇರೂ ಅಷ್ಟೇ. ಕಡೇ ವಾರ ಹೊರಗೆ ಇಪ್ಪತ್ತಾರು, ಗೇರ್ ಒಂದು. ಹೊರಗೆ ಇಪ್ಪತ್ತೇಳು, ಗೇರ್ ಎರಡು. ದಿನಾ ಸರಿಯಾಗಿ ಇಪ್ಪತ್ತೈದು ಕಡಿಮೆ. ತಪ್ಪು ಪೈಪಿನಲ್ಲಿರೋ ಸೆನ್ಸರ್ ನಿಂತ ಗಾಡೀಲಿ ಹೀಗೆ ತೋರಿಸಲ್ಲ—ಈಗ ತಾನೇ ನೀವೇ ಹೇಳಿದ್ರಿ. ಈ ಮೀಟರಿನ ಹಿಂದೆ ಒಂದು ಗುಂಡಿ ಇದೆ. ಒತ್ತಿ ಹಿಡಿದ್ರೆ ಇಷ್ಟು ಡಿಗ್ರಿ ಕೂಡಿಸು, ಇಷ್ಟು ಕಳೆ ಅಂತ ಹೇಳ್ಬಹುದು. ಯಾರೋ ಇಪ್ಪತ್ತೈದು ಕಳೆ ಅಂತ ಹೇಳಿಟ್ಟಿದ್ರು."

ಅವಳು ಮನಸ್ಸಿನಲ್ಲೇ ಕೂಡಿಸಿದಳು. ತೊಂಬತ್ತೊಂದು ಎಂದರೆ ನೂರಹದಿನಾರು. ಆರು ದಿನ ಗಂಡ ನೂರಹದಿನಾರರಲ್ಲಿ ಏರಿದ್ದ. ಏಳನೇ ದಿನ ಎಷ್ಟರಲ್ಲಿ ಏರಿದನೋ ಯಾರಿಗೆ ಗೊತ್ತು.

"ಹಾಗಾದ್ರೆ ಹಾಕಿದ ಹುಡುಗನೇ ಮಾಡಿರ್ಬಹುದಲ್ಲ?" ಎಂದ ಯಜಮಾನ.

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಡ್ರೈವರ್ ಹುಷಾರಿನವನು. ಮೊದಲನೇ ದಿನವೇ ವ್ಯತ್ಯಾಸ ಕಂಡಿದೆ, ಯಾರನ್ನೋ ಕೇಳಿದಾನೆ. ರಾತ್ರಿ ನಿಂತ ಗಾಡೀಲಿ ಹಾಗೇ ಅಂತ ಉತ್ತರ ಬಂದಿದೆ. ಹೆಸರು ಬರೆದಿಲ್ಲ. ಬರೆದಿರೋದು ಒಂದೇ ಮಾತು." ಇನ್‌ಸ್ಪೆಕ್ಟರ್ ಅವಳ ಕಡೆ ತಿರುಗಿದರು. "ಅಮ್ಮಾ, ನಿಮ್ಮ ತಮ್ಮ ಏನಾದ್ರೂ ಹೇಳಿದ್ರೆ ನಿಮ್ಮ ಯಜಮಾನ್ರು ಹೇಗೆ ಬರೀತಿದ್ರು?"

"'ಅಂದ' ಅಂತ. ತಮ್ಮ ಇವರಿಗಿಂತ ಹದಿನಾಲ್ಕು ವರ್ಷ ಚಿಕ್ಕೋನು."

"ಇವರು?" ಯಜಮಾನನ ಕಡೆ ಬೆರಳು.

"ಇವರಿಗೂ 'ಅಂದ' ಅಂತಲೇ. ಪುಸ್ತಕದಲ್ಲೇ ಇದೆಯಲ್ಲ." ಹೇಳುತ್ತಾ ಹೇಳುತ್ತಾ ಅವಳ ದನಿ ಇಳಿಯಿತು. ನಿನ್ನೆ ತಾನೇ ಬಾಯಿಬಿಟ್ಟು ಓದಿದ ಸಾಲು. ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. 'ಸರಿಯಾಗಿ ತೋರಿಸುತ್ತೆ ಅಂದರು.'

ಅಂದರು.

ಅವಳ ಗಂಡ ಮುಂಗೋಪಿ. ಸಂಬಳ ಕೊಡುವವನಿಗೂ ತಗ್ಗದವನು. ಮನೆಯಲ್ಲಿ ಕೂತು ಮಾತಾಡುವಾಗ 'ಬಂದರು, ಹೋದರು' ಎಂದು ಬಹುವಚನ ಹಚ್ಚುತ್ತಿದ್ದದ್ದು ಗ್ಯಾರೇಜಿನಲ್ಲಿ ಒಬ್ಬರಿಗೇ. ಇಪ್ಪತ್ತನೇ ವಯಸ್ಸಿನಲ್ಲಿ ಕೈಗೆ ಸ್ಪ್ಯಾನರ್ ಕೊಟ್ಟು, ಗಾಡಿಯೆಂದರೆ ಏನೆಂದು ಹೇಳಿಕೊಟ್ಟವರಿಗೆ.

ಅವಳು ಮಾಸ್ತರನ್ನು ನೋಡಿದಳು. ಅವರು ತಟ್ಟೆಯನ್ನು ನೋಡುತ್ತಿದ್ದರು.

"ಒಂದು ಮಾತು ಹಿಡ್ಕೊಂಡು—" ಮಾಸ್ತರು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ಒಂದು ಮಾತು ಹಿಡ್ಕೊಂಡು ಒಬ್ಬನ್ನ ಕೊಲೆಗಾರ ಮಾಡ್ತೀರಾ?"

"ಇಲ್ಲ. ಅದರಿಂದ ಯಾರ ಕಡೆ ನೋಡ್ಬೇಕು ಅಂತ ಗೊತ್ತಾಯ್ತು, ಅಷ್ಟೇ. ಸಿಕ್ಕಿಬಿದ್ದಿದ್ದು ಬೇರೆ ಕಡೆ." ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. "ಸತ್ತ ದಿನ ಬೆಳಿಗ್ಗೆ ಮೀಟರು ಇಪ್ಪತ್ತೈದು ಕಡಿಮೆ ತೋರಿಸ್ತಿತ್ತು. ಇವತ್ತು ಬೆಳಿಗ್ಗೆ ಸರಿಯಾಗಿ ತೋರಿಸ್ತು, ಈ ಅಮ್ಮನೇ ಓದಿದ್ರು. ನಡುವೆ ಯಾರೋ ಮತ್ತೆ ಸರಿಮಾಡಿದಾರೆ. ಕಂದಕದಲ್ಲಿದ್ದಷ್ಟು ದಿನ ಗಾಡಿಗೆ ನಮ್ಮ ಕಾವಲಿತ್ತು. ಮೇಲೆತ್ತಿ ಅಂಗಳಕ್ಕೆ ತಂದ ಕೂಡಲೇ ಬೀಗ, ಮುದ್ರೆ. ಆ ಮುದ್ರೆ ಒಡೆದದ್ದು ಒಂದೇ ಸಲ—ಪರೀಕ್ಷೆಗೆ ಅಂತ ನಿಮ್ಮನ್ನ ಒಳಗೆ ಬಿಟ್ಟಾಗ. 'ಮೀಟರ್ ನೋಡ್ಬೇಕು, ಬ್ಯಾಟರಿ ಕೊಡಿ' ಅಂತ ಕಾವಲಿನವನ ಹತ್ರ ಕೇಳಿ ಇಸ್ಕೊಂಡಿದೀರಿ. ಅವನು ಅದನ್ನೂ ರಿಜಿಸ್ಟರಿನಲ್ಲಿ ಬರೆದಿದಾನೆ. ಹುಡುಗ ಆ ಗಾಡಿ ಹತ್ರವೇ ಬಂದಿಲ್ಲ. ನೀವು ಹಾಗೇ ಬಿಟ್ಟಿದ್ರೆ ಕಳೆದದ್ದು ಯಾರು ಅಂತ ಹೇಳೋಕೆ ನನಗೆ ಆಗ್ತಿರ್ಲಿಲ್ಲ. ಸರಿಮಾಡೋಕೆ ಹೋಗಿ ಸಿಕ್ಕಿಬಿದ್ರಿ."

ಹೊರಗೆ ಯಾವುದೋ ಲಾರಿ ಗೇರು ಬದಲಿಸುತ್ತಾ ಏರು ಹತ್ತುವ ಸದ್ದು.

ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಣ್ಣು ಹೋಗ್ತಾ ಇದೆ," ಎಂದರು. "ಎರಡು ವರ್ಷದಿಂದ. ಯಾರಿಗೂ ಹೇಳಿಲ್ಲ. ಕೈಯಲ್ಲೇ ತಡವಿ ಕೆಲಸ ಮಾಡ್ತಿದ್ದೆ. ಆ ಗೇರ್‌ಬಾಕ್ಸ್ ಕಟ್ಟುವಾಗ ಕೂಲರಿಗೆ ಎಣ್ಣೆ ಬಿಡೋ ವಾಲ್ವ್ ತಿರುಗುಮುರುಗು ಕೂತಿರ್ಬೇಕು. ಅವನು ದಿನಾ ಪುಸ್ತಕ ಹಿಡ್ಕೊಂಡು ಬರ್ತಿದ್ದ. ಬಿಚ್ಚಿದ್ರೆ ನನ್ನ ಕೈಕೆಲಸ ಎಲ್ಲರಿಗೂ ಕಾಣುತ್ತೆ. ಐವತ್ತು ವರ್ಷ ಮಾಸ್ತರು ಮಾಸ್ತರು ಅಂತ ಕರೆಸ್ಕೊಂಡೋನು ನಾನು."

"ಅದಕ್ಕೆ?"

"ಇಪ್ಪತ್ತೈದು ಡಿಗ್ರಿ ಅಷ್ಟೇ." ಅವರು ಯಾರನ್ನೂ ನೋಡದೆ ಹೇಳಿದರು. "ಗೇರ್‌ಬಾಕ್ಸ್ ಸುಟ್ರೆ ಸುಡಲಿ ಅಂದ್ಕೊಂಡೆ. ಎಲ್ಲೋ ಸಮನಾದ ಜಾಗದಲ್ಲಿ ಕೆಟ್ಟು ನಿಲ್ಲುತ್ತೆ, ಹಳೇ ಗಾಡಿ ಅಂತ ಹೊಸದು ಹಾಕ್ತಾರೆ. ಅವನು ಇಳಿದು ನಡ್ಕೊಂಡು ಬರ್ತಾನೆ ಅಂತಲೇ ಇದ್ದೆ."

"ಪೈಪಿನ ವಿಷಯದಲ್ಲಿ ಸುಳ್ಳು ಹೇಳಿ ಹುಡುಗನ ಮೇಲೆ ಯಾಕೆ ಹಾಕಿದ್ರಿ?"

ಮಾಸ್ತರು ಕನ್ನಡಕಕ್ಕಾಗಿ ಮೇಜಿನ ಮೇಲೆ ತಡವಿದರು. ಇನ್‌ಸ್ಪೆಕ್ಟರ್ ಎರಡನೇ ಸಲ ಕೇಳಿದರು. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಅವಳು ಮೇಜಿನ ಹತ್ತಿರ ಬಂದಳು. ಬೈಯಬೇಕೆಂದು ಬಂದವಳು. ಬಾಯಿಗೆ ಬಂದದ್ದು ಒಂದು ಪ್ರಶ್ನೆ.

"ಅವರು ಬಂದು ಕೇಳಿದ್ರಲ್ಲ, ಯಾಕೆ ಕಡಿಮೆ ತೋರಿಸ್ತಿದೆ ಅಂತ. ನೀವು ಹೇಳಿದ್ಮೇಲೆ ಮತ್ತೇನೂ ಕೇಳ್ಲಿಲ್ವಾ?"

"ಇಲ್ಲ ತಾಯಿ. ಪೆನ್ನು ತೆಗೆದ. ನಾನು ಹೇಳ್ತಾ ಹೋದ ಹಾಗೆ ಬರ್ಕೊಂಡ."

ಜೀಪಿನಲ್ಲಿ ಮಾಸ್ತರನ್ನು ಮುಂದೆ ಕಳಿಸಿ, ಇನ್‌ಸ್ಪೆಕ್ಟರ್ ಅವಳ ಜೊತೆ ಠಾಣೆಗೆ ನಡೆದರು. ಠಾಣೆಯ ಬಾಗಿಲಲ್ಲಿ ಆಕೆ ನಿಂತು, "ಹುಡುಗನಿಗೆ ಇನ್ನೂ ಏನೂ ಹೇಳಿಲ್ಲ," ಎಂದರು. "ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ."

ಕಾಗದಪತ್ರ ಮುಗಿಯಲು ಒಂದು ಗಂಟೆ ಹಿಡಿಯಿತು. ತಮ್ಮ ಹೊರಗೆ ಬಂದ. ಏಳು ದಿನದ ಗಡ್ಡ, ಗುಳಿಬಿದ್ದ ಕಣ್ಣು. ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ. ಹತ್ತಿರ ಬರಲು ಹೆದರಿಕೆ. ಅವಳೇ ಹೋಗಿ ಅವನ ತೋಳು ಹಿಡಿದಳು. ಹಿಡಿದ ಮೇಲೆ ಬಿಡಲು ಆಗಲಿಲ್ಲ.

"ಬಾರೋ. ನಿಂದೇನೂ ತಪ್ಪಿಲ್ಲ."

"ಭಾವ—" ಎಂದ ಅವನು. ಅಷ್ಟೇ ಆಯಿತು. ಇಬ್ಬರೂ ಅಳುತ್ತಾ ನಿಂತರು. ಪೇದೆಯೊಬ್ಬ ಕುರ್ಚಿ ಸರಿಸುವ ನೆಪದಲ್ಲಿ ಒಳಗೆ ಹೋದ.

ಸ್ವಲ್ಪ ಹೊತ್ತಾದ ಮೇಲೆ ತಮ್ಮ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮೊದಲ ಸಲ ಸ್ವಲ್ಪ ಹಗುರಾಗಿ ಉಸಿರುಬಿಟ್ಟ.

"ನಿನ್ನ ಫೋನ್ ಕೊಡಕ್ಕಾ," ಎಂದ. "ಮಾಸ್ತರಿಗೊಂದು ಮಾತು ಹೇಳ್ಬಿಡ್ತೀನಿ, ಬಿಟ್ರು ಅಂತ. ನನ್ನ ವಿರುದ್ಧ ಹೇಳ್ಬೇಕಾಯ್ತಲ್ಲ ಅಂತ ಎಷ್ಟು ನೊಂದ್ಕೊಂಡಿದಾರೋ ಏನೋ."

ಅವಳು ಫೋನು ಕೊಡಲಿಲ್ಲ. ಅವನನ್ನು ವರಾಂಡದ ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಬೆಳಗಿನ ಸಾಲಿನಿಂದ ಶುರುಮಾಡಿ ಹೇಳತೊಡಗಿದಳು.